ಕಪ್ಪತಗುಡ್ಡದ ಕಲ್ಲು, ಕಾಕಾನ ಚೀಟಿ

ಕಪ್ಪತಗುಡ್ಡದಲ್ಲಿ ಅಡ್ಡಾಡಿದವರಿಗೆ ಆ ಕಲ್ಲು ಗೊತ್ತಿರುತ್ತದೆ. ಹಸಿರು ಬೆರೆತ ಬೂದು ಬಣ್ಣ. ಅಂಚನ್ನು ಬಿಸಿಲಿಗೆ ಹಿಡಿದರೆ ಪದರು ಪದರಾಗಿ ಕಾಣುತ್ತದೆ. ಪದರಿನ ಗುಂಟ ಸುತ್ತಿಗೆಯ ಒಂದು ಏಟು ಸರಿಯಾಗಿ ಬಿದ್ದರೆ ಸಾಕು, ಹಾಳೆ ಬಿಚ್ಚಿಕೊಂಡ ಹಾಗೆ ಬಿಚ್ಚಿಕೊಳ್ಳುತ್ತದೆ. ಭೂವಿಜ್ಞಾನದಲ್ಲಿ ಇದಕ್ಕೆ ಶಿಸ್ಟ್ ಅನ್ನುತ್ತಾರೆ. ನಮ್ಮ ಭಾಗದ ಇಂಥ ಶಿಲೆಗಳನ್ನೆಲ್ಲ ಒಂದು ಗುಂಪು ಅಂತ ಗುರುತಿಸಿ, ಅದಕ್ಕೆ ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಅದು 1880ರ ದಶಕ. 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲುಗಳಿವು. ಗದಗಿನ ಸುತ್ತ ಇರೋ ಪಟ್ಟಿಯಲ್ಲಿ ಚಿನ್ನವೂ ಇದೆ. ನೂರು ವರ್ಷಕ್ಕೂ ಹಿಂದೆ ಅಲ್ಲಿ ಗಣಿ ತೋಡಿದ ಗುರುತುಗಳು ಇನ್ನೂ ಉಳಿದಿವೆ.

ಶಿಸ್ಟ್ ಅನ್ನೋದು ಗ್ರೀಕ್ ಮೂಲದ ಮಾತು. ಗ್ರೀಕಿನಲ್ಲಿ 'ಸ್ಖಿಜೈನ್' ಅಂದರೆ ಸೀಳುವುದು. 'ಸ್ಖಿಸ್ಟೋಸ್' ಅಂದರೆ ಸೀಳಿದ್ದು, ಸೀಳಲು ಬರುವಂಥದ್ದು. ಇದೇ ಕ್ರಿಯಾಪದ ಧಾರವಾಡದಲ್ಲಿ ಇನ್ನೊಂದು ಕಡೆ ದಿನಾ ಕಾಗದದ ಮೇಲೆ ಬೀಳುತ್ತದೆ. ಬೆಳಗಾವಿ ರಸ್ತೆಯ ಮಾನಸಿಕ ಆಸ್ಪತ್ರೆಯಲ್ಲಿ, ಅಂದರೆ ಈಗಿನ ಡಿಮ್ಹಾನ್ಸ್‌ನಲ್ಲಿ, ಹೊರರೋಗಿಗಳ ಚೀಟಿಯ ಮೇಲೆ. ಸ್ಕಿಜೋಫ್ರೀನಿಯಾ.

ನಾನು ಓದಿದ್ದು ಭೂವಿಜ್ಞಾನ. ಹಾಗಾಗಿ ಮೊದಲನೆಯ ಹೆಸರು ಕಾಲೇಜಿನಿಂದ ಗೊತ್ತು. ಎರಡನೆಯದು ಗೊತ್ತಾಗಿದ್ದು ನಮ್ಮ ಕಾಕಾನಿಂದ.

ಕಾಕಾ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಬಿಡಿ ಅಕ್ಷರದ ಅಚ್ಚುಗಳನ್ನು, ಸಾಲಾಗಿ ಜೋಡಿಸುತ್ತಿದ್ದ. ಕಂಪ್ಯೂಟರ್ ಬರುವುದಕ್ಕಿಂತ ಮುಂಚಿನ ಮಾತು. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಏನೇ ಇದ್ದರೂ ಅವನ ಕೈ ಓಡಿದಷ್ಟು ಬೇರೆಯವರ ಕೈ ಓಡುತ್ತಿರಲಿಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಇಪ್ಪತ್ತೈದರ ಆಸುಪಾಸಿನಲ್ಲಿ ಊಟಕ್ಕೆ ಎಲ್ಲರ ಜೊತೆ ಕೂಡುವುದನ್ನು ಬಿಟ್ಟ. ಆಮೇಲೆ ರಾತ್ರಿ ನಿದ್ದೆ ಬಿಟ್ಟ. ಆಮೇಲೆ ಗೋಡೆಯಾಚೆಯ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನತೊಡಗಿದ. ಗೋಡೆಯಾಚೆ ಇದ್ದದ್ದು ಖಾಲಿ ಹಿತ್ತಲು. ಗುಡಿಗೆ ಕರೆದುಕೊಂಡು ಹೋದರು, ಅಂತ್ರ ಕಟ್ಟಿಸಿದರು. ಯಾರ್ಯಾರೋ ಏನೇನೋ ಹೇಳಿದರು. ಕೊನೆಗೆ ಧಾರವಾಡ.

'ಧಾರವಾಡಕ್ಕ ಕಳಸಬೇಕು' ಅನ್ನೋ ಮಾತಿಗೆ ನಮ್ಮ ಕಡೆ ಒಂದು ಅರ್ಥ ಇದೆ. ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರ ಕಾಲದಿಂದ ಇಲ್ಲಿ ಮಾನಸಿಕ ಆಸ್ಪತ್ರೆ ಇದೆ. ಹಾಗಾಗಿ ಯಾರನ್ನಾದರೂ ಚುಡಾಯಿಸಬೇಕು ಅಂದರೆ ಈ ಮಾತು ಬಾಯಿಗೆ ಬಂದುಬಿಡುತ್ತದೆ. ಬೇರೆಯವರಿಗೆ ಅದು ನಗೆಯ ಮಾತು. ನಿಜವಾಗಿ ಒಬ್ಬರನ್ನು ಕರೆದುಕೊಂಡು ಬಸ್ ಹತ್ತಿದ ಮನೆಯವರಿಗೆ ಅದು ಕಿವಿಯಲ್ಲಿ ಸುಡುತ್ತದೆ.

ಒಮ್ಮೆ ಅವ್ವನ ಜೊತೆ ನಾನೂ ಹೋಗಿದ್ದೆ. ಡಾಕ್ಟರು ನಮ್ಮ ಕಡೆಯವರೇ, ಮಾತೂ ನಮ್ಮದೇ. 'ಯಾರ ಮಾತಾಡ್ತಾರ್ರೀ?' ಅಂದರು.

'ಗೊತ್ತಿಲ್ರೀ. ಗಂಡಸರ ಧ್ವನಿ.'

'ಕಿವ್ಯಾಗ ಕೇಳ್ತೈತೋ, ತಲ್ಯಾಗೋ?'

ಕಾಕಾ ಸ್ವಲ್ಪ ಯೋಚನೆ ಮಾಡಿದ. ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗ ಇದೆಯಲ್ಲ, ಅಲ್ಲಿ ಅಂಗೈ ಒತ್ತಿಕೊಂಡ. 'ಇಲ್ಲೆ ರೀ. ಇಲ್ಲೆ ಬಡಕೋತೈತಿ ಮೊದಲ. ಆಮ್ಯಾಲೆ ಮಾತ ಬರ್ತಾವ.'

ಡಾಕ್ಟರು ಬರೆದುಕೊಂಡರು. ಅವ್ವ ಕಾಯಿಲೆಯ ಹೆಸರು ಕೇಳಿದಳು. ಅವರು ಹೇಳಿದರು, ಗುಳಿಗೆ ಹೇಗೆ ತೆಗೆದುಕೊಳ್ಳಬೇಕು ಅನ್ನೋದನ್ನೂ ಬಿಡಿಸಿ ಹೇಳಿದರು. ಹೊರಗೆ ಬಂದ ಮೇಲೆ ಬೆಂಚಿನ ಮೇಲೆ ಕೂತಿದ್ದ ಒಬ್ಬರು ಚೀಟಿ ನೋಡಿ, 'ಎರಡ ಮನಸ್ಸ ಆಗಿರ್ತಾವ ಬೇ, ಸೀಳಿದಂಗ' ಅಂದರು. ಅವರ ಮನೆಯಲ್ಲೂ ಇದೇ ಕಾಯಿಲೆ ಇತ್ತು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಅವ್ವ ಗದಗ ಮುಟ್ಟುವ ತನಕ ನನ್ನನ್ನು ಅದೊಂದನ್ನೇ ಕೇಳಿದಳು. 'ಹಂಗಂದ್ರ ಅವನೊಳಗ ಇಬ್ರ ಅದಾರೇನ? ನಾವ ಮಾತಾಡ್ಸೋದು ಯಾರನ್ನ?'

ಆ ಹೆಸರಿನ ಬೆನ್ನು ಹತ್ತಿದ್ದು ಅವ್ವನ ಈ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂತ.

ಹೆಸರಿನ ಮೊದಲ ಅರ್ಧ ಆಗಲೇ ಹೇಳಿದೆ, ಸೀಳು. ಇದು ನಮಗೆ ಅಷ್ಟೇನೂ ದೂರದ್ದಲ್ಲ. ಗ್ರೀಕಿನ ಸ್ಖಿಜೈನ್, ಲ್ಯಾಟಿನ್‌ನ ಸಿಂಡೆರೆ, ಸಂಸ್ಕೃತದ 'ಛಿದ್', ಮೂರೂ ಒಂದೇ ಹಳೆಯ ಬೇರಿನಿಂದ ಹೊರಟವು. ಛಿದ್ರ, ಛೇದ, ವಿಚ್ಛೇದನ ಎಲ್ಲ ಆ ಬಳ್ಳಿಯವೇ. ಕನ್ನಡ ಶಾಲೆಯಲ್ಲಿ ಭಿನ್ನರಾಶಿ ಕಲಿತವರಿಗೆ ಗೆರೆಯ ಕೆಳಗಿನ ಅಂಕಿ 'ಛೇದ' ಅಂತ ಗೊತ್ತು. ಒಂದನ್ನು ಎಷ್ಟು ಭಾಗ ಮಾಡಿದೆ ಅನ್ನೋ ಲೆಕ್ಕ ಅದು. ಇಂಗ್ಲಿಷಿನಲ್ಲಿ ಚರ್ಚು ಒಡೆದು ಎರಡಾದಾಗ ಸ್ಕಿಸಂ ಅನ್ನುತ್ತಾರಲ್ಲ, ಅದೂ ಈ ಮನೆತನದ್ದೇ.

ಎರಡನೆಯ ಅರ್ಧ ನನಗೆ ಬಹಳ ಹಿಡಿಸಿದ್ದು. 'ಫ್ರೇನ್', ಬಹುವಚನದಲ್ಲಿ 'ಫ್ರೆನೆಸ್'. ನಿಘಂಟಿನಲ್ಲಿ ಇದಕ್ಕೆ ಮನಸ್ಸು ಅನ್ನೋ ಅರ್ಥ ಸಿಗುತ್ತದೆ. ಆದರೆ ಗ್ರೀಕರಿಗೆ ಅದು ಮೊದಲಿಗೆ ಮೈಯ ಒಂದು ಜಾಗ. ಎದೆಗೂ ಹೊಟ್ಟೆಗೂ ನಡುವೆ ಇರೋ ತೆಳ್ಳನೆಯ ಸ್ನಾಯುವಿನ ಪರದೆ. ನಮ್ಮ ವಿಜ್ಞಾನದ ಪಾಠದಲ್ಲಿ ಅದನ್ನು ವಪೆ ಅಂತ ಕಲಿತಿದ್ದೇವೆ. ಉಸಿರು ಎಳೆದಾಗ ಕೆಳಗೆ ಇಳಿಯುತ್ತದೆ, ಬಿಟ್ಟಾಗ ಮೇಲೆ ಬರುತ್ತದೆ. ಬಿಕ್ಕಳಿಕೆ ಬಂದಾಗ ಎಗರುವುದೂ ಅದೇ. ಅದನ್ನು ಆಡಿಸುವ ನರಕ್ಕೆ ಡಾಕ್ಟರುಗಳು ಇವತ್ತಿಗೂ ಫ್ರೆನಿಕ್ ನರ ಅನ್ನುತ್ತಾರೆ. ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಗಳಿಂದ ಹೊರಟು ಎದೆಯೊಳಗಿಂದ ಇಳಿದು ಬರುತ್ತದೆ ಅದು.

ಕಾಕಾ ಅಂಗೈ ಒತ್ತಿಕೊಂಡದ್ದು ಸರಿಯಾಗಿ ಅಲ್ಲಿಗೇ.

ಪ್ರಾಚೀನ ಗ್ರೀಕ್ ಕವಿ ಹೋಮರನ ಯುದ್ಧಕಾವ್ಯ ಇಲಿಯಡ್‌ನಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಅಲ್ಲಿನ ವೀರರು ಫ್ರೆನೆಸ್‌ನಲ್ಲಿ ಯೋಚಿಸುತ್ತಾರೆ, ಫ್ರೆನೆಸ್‌ನಲ್ಲಿ ದುಃಖಪಡುತ್ತಾರೆ. ಅಕಿಲಿಸ್ ಸಿಟ್ಟು ಮಾಡಿಕೊಂಡು ಯುದ್ಧ ಬಿಟ್ಟು ಕೂತಾಗ ತಂತಿವಾದ್ಯ ನುಡಿಸುತ್ತಾ ತನ್ನ ಫ್ರೇನ್ ಅನ್ನು ಸಂತೈಸಿಕೊಳ್ಳುತ್ತಾನೆ. ಅದೇ ಕಾವ್ಯದ 16ನೆಯ ಸರ್ಗದಲ್ಲಿ ಪೆಟ್ರೋಕ್ಲಸ್ ಎಸೆದ ಭರ್ಜಿ ಸಾರ್ಪಿಡಾನ್ ಅನ್ನೋ ವೀರನಿಗೆ ನಾಟುತ್ತದೆ. ಎಲ್ಲಿಗೆ? ಹೃದಯವನ್ನು ಸುತ್ತುವರಿದ ಫ್ರೆನೆಸ್ ಇರೋ ಕಡೆಗೆ. ಭರ್ಜಿ ಕಿತ್ತಾಗ ಫ್ರೆನೆಸ್ ಅದರ ಜೊತೆಗೇ ಕಿತ್ತು ಬಂತು ಅಂತ ಬರೆದಿದೆ. ಅಂದರೆ ಯೋಚನೆ ಮಾಡುವ ಆ ವಸ್ತುವಿಗೆ ಭರ್ಜಿ ತಾಗುತ್ತದೆ, ಅದರಿಂದ ರಕ್ತ ಬರುತ್ತದೆ. ಮನಸ್ಸು ಬೇರೆ, ಮೈ ಬೇರೆ ಅನ್ನೋ ಗೆರೆಯನ್ನು ಅವರಿನ್ನೂ ಎಳೆದಿರಲಿಲ್ಲ.

ಈ ಗೆರೆಯನ್ನು ಎಳೆಯಲು ಹೊರಟವರಲ್ಲಿ ಹಿಪೊಕ್ರಟಿಸ್‌ನ ಪರಂಪರೆಯ ವೈದ್ಯರು ಮುಖ್ಯ. ಮೂರ್ಛೆರೋಗದ ಮೇಲೆ ಅವರದೊಂದು ಹಳೆಯ ಬರಹ ಇದೆ. ನಗು, ಅಳು, ಯೋಚನೆ, ಹುಚ್ಚು ಎಲ್ಲಕ್ಕೂ ಮಿದುಳೇ ಮೂಲ ಅಂತ ಅದು ಗಟ್ಟಿಯಾಗಿ ಹೇಳುತ್ತದೆ. ಜನ ಆ ಪರದೆಗೆ ಫ್ರೆನೆಸ್ ಅಂತ ಕರೆಯುವುದು ಬರೀ ರೂಢಿಯಿಂದ, ಅದಕ್ಕೆ ತಿಳಿಯುವ ಶಕ್ತಿ ಏನೂ ಇಲ್ಲ ಅನ್ನುತ್ತದೆ. ಆದರೆ ಆ ಬರಹ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತದೆ. ತೀರಾ ಖುಷಿಯಾದಾಗ, ತೀರಾ ದುಃಖವಾದಾಗ ಆ ಪರದೆ ಎಗರುತ್ತದೆ, ಯಾಕಂದರೆ ಅದು ತೆಳ್ಳಗಿದೆ. ತಪ್ಪು ಹೆಸರು ಅಂತ ಹೇಳುತ್ತಲೇ, ಜನಕ್ಕೆ ಆ ಹೆಸರು ಯಾಕೆ ಹೊಳೆಯಿತು ಅನ್ನೋದನ್ನೂ ಹೇಳಿಬಿಟ್ಟಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ವೈದ್ಯರ ಈ ನಿಗಾ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ.

ನಾವು ಮಾತ್ರ ಬೇರೆ ಏನು ಮಾಡಿದ್ದೇವೆ? ಹಳಗನ್ನಡದಲ್ಲಿ 'ಎರ್ದೆ' ಅಂದರೆ ಮೈಯ ಭಾಗವೂ ಹೌದು, ಒಳಗಿನ ಮನಸ್ಸೂ ಹೌದು. ಇವತ್ತಿಗೂ ಧೈರ್ಯಕ್ಕೆ ಎದೆಗಾರಿಕೆ ಅನ್ನುತ್ತೇವೆ. ಸುದ್ದಿ ಕೇಳಿ ಎದೆ ಝಲ್ ಅನ್ನುತ್ತದೆ. ಕರುಳು ಚುರ್ ಅನ್ನುತ್ತದೆ. ಮಕ್ಕಳ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಪಕ್ಕದವರ ಏಳಿಗೆ ನೋಡಿ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳು 'ಹೊಟ್ಟ್ಯಾಗ ಸಂಕಟಾಗಾಕತ್ತೈತಿ' ಅಂದರೆ ಅದು ಅಜೀರ್ಣವೋ ದುಃಖವೋ ಅಂತ ಮುಖ ನೋಡಿಯೇ ತಿಳಿಯಬೇಕು. ಬಹಳ ಸಲ ಎರಡೂ ಇರುತ್ತದೆ. ಚರಕ ಸಂಹಿತೆ ಕೂಡ ತಿಳಿವಿನ ನೆಲೆಯನ್ನು ಹೃದಯದಲ್ಲೇ ಇಟ್ಟಿದೆ. ಮಾನಸಿಕ ಕಾಯಿಲೆ ಇದ್ದ ಎಷ್ಟೋ ಜನ ನಮ್ಮಲ್ಲಿ ಮೊದಲು ಹೋಗುವುದು ಹೃದಯದ ಡಾಕ್ಟರ ಹತ್ತಿರ, ಇಲ್ಲ ಹೊಟ್ಟೆಯ ಡಾಕ್ಟರ ಹತ್ತಿರ. ಅವರು ಸುಳ್ಳು ಹೇಳುತ್ತಿಲ್ಲ. ತಮಗೆ ತಿಳಿದ ಜಾಗವನ್ನು ತೋರಿಸುತ್ತಿದ್ದಾರೆ. ಕಾಕಾನ ಡಾಕ್ಟರಿಗೆ ಇದು ಗೊತ್ತಿತ್ತು. 'ಎದ್ಯಾಗ ಅಲ್ರೀ, ತಲ್ಯಾಗ' ಅಂತ ತಿದ್ದಲು ಹೋಗಲಿಲ್ಲ ಅವರು.

ಫ್ರೇನ್ ಆಮೇಲೆ ಬೇರೆ ಕಡೆಗೂ ಹೋಯಿತು. ಜ್ವರ ನೆತ್ತಿಗೇರಿ ಬಡಬಡಿಸುವುದಕ್ಕೆ ಗ್ರೀಕ್ ವೈದ್ಯರು ಫ್ರೆನೈಟಿಸ್ ಅಂದರು. ಇಂಗ್ಲಿಷಿನ ಫ್ರೆಂಜಿ, ಫ್ರಾಂಟಿಕ್ ಹುಟ್ಟಿದ್ದು ಅದರಿಂದ. ತಲೆಬುರುಡೆಯ ಉಬ್ಬು ತಗ್ಗು ನೋಡಿ ಗುಣ ಹೇಳುತ್ತೇವೆ ಅಂದವರು 19ನೇ ಶತಮಾನದಲ್ಲಿ ತಮ್ಮ ವಿದ್ಯೆಗೆ ಫ್ರೆನಾಲಜಿ ಅಂತ ಕರೆದುಕೊಂಡರು. ಅದು ವಿಜ್ಞಾನ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಈಗ ಎರಡೂ ಅರ್ಧ ಕೂಡಿಸಿದವರ ವಿಷಯ. ಇದು ಪ್ರಾಚೀನ ಗ್ರೀಕರು ಬಳಸಿದ ಪದ ಅಂತ ತುಂಬಾ ಜನ ತಿಳಿದಿದ್ದಾರೆ. ಬೇರು ಹಳೆಯದು, ಪದ ಹೊಸದು. ಸ್ಕಿಜೋಫ್ರೀನಿಯಾ ಅನ್ನೋ ಪದವನ್ನು ಕಟ್ಟಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೀನ್ ಬ್ಲಾಯ್ಲರ್. 1908ರ ಏಪ್ರಿಲ್ 24ರಂದು ಬರ್ಲಿನ್‌ನಲ್ಲಿ ಮನೋವೈದ್ಯರ ಸಭೆಯಲ್ಲಿ ಅದನ್ನು ಮುಂದಿಟ್ಟರು. 1911ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕ ಬರೆದರು.

ಅದಕ್ಕೂ ಮುಂಚೆ ಈ ಕಾಯಿಲೆಗೆ ಇದ್ದ ಹೆಸರು ಲ್ಯಾಟಿನ್‌ನದು, ಡಿಮೆನ್ಷಿಯಾ ಪ್ರೀಕಾಕ್ಸ್. ಎಳೆ ವಯಸ್ಸಿನಲ್ಲೇ ಬುದ್ಧಿ ಅಳಿದುಹೋಗುವುದು ಅಂತ ಅರ್ಥ. ಅದನ್ನು ನೆಲೆಗೊಳಿಸಿದವರು ಜರ್ಮನಿಯ ಎಮಿಲ್ ಕ್ರೇಪೆಲಿನ್. ದೊಡ್ಡ ವಿದ್ವಾಂಸರು. 1899ರ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಯನ್ನು, ಮನಸ್ಸು ಒಮ್ಮೆ ಉಬ್ಬಿ ಒಮ್ಮೆ ಕುಗ್ಗುವ ಏರಿಳಿತದ ಮನೋರೋಗದಿಂದ ಬೇರೆ ಮಾಡಿ ತೋರಿಸಿದರು. ಆ ವಿಂಗಡಣೆಯ ಮೇಲೆಯೇ ಇಂದಿನ ಮನೋವೈದ್ಯಶಾಸ್ತ್ರ ನಿಂತಿದೆ. ಆದರೆ ಆ ಹೆಸರಿನಲ್ಲಿ ತೀರ್ಪು ಇತ್ತು. ಹೆಸರು ಹೇಳಿದ ಕೂಡಲೇ ಮುಂದೆ ಏನಾಗುತ್ತದೆ ಅಂತಲೂ ಹೇಳಿದ ಹಾಗೆ. ಬುದ್ಧಿ ಹೋಗುತ್ತದೆ, ವಾಪಸ್ ಬರಲ್ಲ.

ಬ್ಲಾಯ್ಲರ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಒಪ್ಪಿಗೆಯಾಗದ್ದು ಪುಸ್ತಕ ಓದಿ ಅಲ್ಲ. ಅವರು 1886ರಿಂದ 1898ರವರೆಗೆ ರೈನ್ ನದಿಯ ನಡುವಿನ ರೈನೌ ಅನ್ನೋ ಕಡೆ, ಹಿಂದೆ ಮಠವಾಗಿದ್ದ ಕಟ್ಟಡದ ಆಸ್ಪತ್ರೆಯಲ್ಲಿ ಮುಖ್ಯಸ್ಥರಾಗಿದ್ದರು. ರೋಗಿಗಳ ನಡುವೆಯೇ ಬದುಕಿದರು. ಅವರ ಜೊತೆ ಕೆಲಸ ಮಾಡಿದರು, ಓಡಾಡಿದರು, ಅವರ ಮಾತನ್ನು ಬರೆದಿಟ್ಟುಕೊಂಡರು. ಆಮೇಲೆ ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಆಸ್ಪತ್ರೆಗೆ ಬಂದು 1927ರವರೆಗೆ ಅಲ್ಲಿದ್ದರು. ಅವರು ಜ್ಯೂರಿಕ್ ಸೀಮೆಯ ಹಳ್ಳಿಯ ಮನೆತನದವರು, ಅಲ್ಲಿನ ಆಡುಮಾತು ಅವರ ತಾಯ್ನುಡಿ. ಅವರಿಗಿಂತ ಮುಂಚೆ ಅಲ್ಲಿ ಇದ್ದ ಜರ್ಮನ್ ಪ್ರಾಧ್ಯಾಪಕರಿಗೆ ರೋಗಿಗಳ ಆ ಮಾತು ತಿಳಿಯುತ್ತಿರಲಿಲ್ಲ. ತಿಳಿಯದ ಮಾತು ಅರ್ಥವಿಲ್ಲದ ಮಾತಿನ ಹಾಗೆ ಕೇಳುವುದು ಸಹಜ ಅಲ್ವಾ? ಬೆಂಗಳೂರಿನಿಂದ ಬಂದ ಡಾಕ್ಟರೊಬ್ಬರ ಮುಂದೆ ನಮ್ಮ ಮುಂಡರಗಿ ಕಡೆಯ ಮುದುಕಿಯೊಬ್ಬಳು ಬಡಬಡ ಮಾತಾಡಿದರೆ ಅರ್ಧ ಹೋಗಿಬಿಡುತ್ತದೆ. ಬ್ಲಾಯ್ಲರ್‌ಗೆ ಅದು ಹೋಗಲಿಲ್ಲ. ಈ ಜನರ ಒಳಗೆ ಬುದ್ಧಿ ಅಳಿದಿಲ್ಲ, ನೆನಪು ಅಳಿದಿಲ್ಲ, ಭಾವನೆ ಅಳಿದಿಲ್ಲ ಅಂತ ಅವರಿಗೆ ಕಂಡಿತು. ಕೆಲವರು ಚೇತರಿಸಿಕೊಂಡು ಮನೆಗೆ ಹೋಗಿದ್ದನ್ನೂ ನೋಡಿದರು. ಎಷ್ಟೋ ಜನರಲ್ಲಿ ಕಾಯಿಲೆ ಎಳೆ ವಯಸ್ಸಿನಲ್ಲಿ ಶುರುವಾಗಿರಲೂ ಇಲ್ಲ. ಅಂದಮೇಲೆ ಹಳೆಯ ಹೆಸರಿನ ಎರಡೂ ಭಾಗ ನಿಲ್ಲುವುದಿಲ್ಲ.

ಹಾಗಾದರೆ ಏನು ಸೀಳಿದೆ? ಬೆಂಚಿನ ಮೇಲಿದ್ದವರು ಹೇಳಿದ ಹಾಗೆ ಮನುಷ್ಯ ಇಬ್ಬರಾಗಿದ್ದಾನೆ ಅಂತ ಬ್ಲಾಯ್ಲರ್ ಹೇಳಲೇ ಇಲ್ಲ. ಒಂದು ಯೋಚನೆಗೂ ಮುಂದಿನ ಯೋಚನೆಗೂ ಇರೋ ಕೊಂಡಿ ಸಡಿಲವಾಗುತ್ತದೆ. ಯೋಚನೆಗೂ ಭಾವನೆಗೂ ಇರೋ ನಂಟು ಬಿಡುತ್ತದೆ. ಅಳುವ ಸುದ್ದಿಗೆ ಅಳು ಬರಲ್ಲ. ಬೇಕು ಅನ್ನೋದಕ್ಕೂ ಮಾಡೋದಕ್ಕೂ ನಡುವೆ ದಾರಿ ಕಡಿದುಹೋಗುತ್ತದೆ. ಎದ್ದು ಸ್ನಾನ ಮಾಡಬೇಕು ಅಂತ ಗೊತ್ತು, ಏಳಲು ಆಗಲ್ಲ. ಒಟ್ಟಿಗೆ ನಡೆಯಬೇಕಾದವು ಬಿಡಿಬಿಡಿಯಾಗಿ ನಡೆಯುತ್ತವೆ. ಇದನ್ನೇ ಅವರು ಸೀಳು ಅಂದದ್ದು. ಪುಸ್ತಕದ ಹೆಸರಿನಲ್ಲಿ 'ಸ್ಕಿಜೋಫ್ರೀನಿಯಾಗಳ ಗುಂಪು' ಅಂತ ಬಹುವಚನ ಇಟ್ಟರು. ಇದು ಒಂದೇ ಕಾಯಿಲೆಯಲ್ಲ, ಹಲವು ಇರಬಹುದು ಅನ್ನೋ ಅನುಮಾನ ಅವರಿಗೆ ಆಗಲೇ ಇತ್ತು. ಆ ಬಹುವಚನವನ್ನು ಮುಂದಿನವರು ಬಿಟ್ಟುಬಿಟ್ಟರು. ಹೆಸರಿನ ಜೊತೆ ಅದೂ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಕಾಕಾ ಗುಳಿಗೆ ಹತ್ತಿ, ನಿದ್ದೆ ಬಂದು, ಮೈ ಸ್ವಲ್ಪ ಹಗುರಾದ ಮೇಲೆ ಒಂದು ದಿನ ಕಟ್ಟೆಯ ಮೇಲೆ ಕೂತಾಗ ಅವನನ್ನೇ ಕೇಳಿದೆ, ಆಗ ಹೆಂಗನಸ್ತಿತ್ತು ಕಾಕಾ ಅಂತ. 'ಮೊಳಿ ಎಲ್ಲಾ ಅದಾವ ನೋಡು, ಒಂದೂ ಕಳದಿಲ್ಲ. ಲೈನ್ ಕೂಡವಲ್ದು' ಅಂದ. ಬ್ಲಾಯ್ಲರ್ ನೂರಾರು ಪುಟಗಳಲ್ಲಿ ಹೇಳಿದ್ದು ಇದನ್ನೇ. ಅಕ್ಷರ ಅಳಿದಿಲ್ಲ, ಸಾಲು ಬಿಟ್ಟಿದೆ. ಅವ್ವನಿಗೆ ನಾನು ಕೊಟ್ಟ ಉತ್ತರವೂ ಕಾಕಾನ ಬಾಯಿಂದ ಬಂದದ್ದೇ. ಅವನೊಳಗೆ ಇಬ್ಬರಿಲ್ಲ ಬೇ, ನಮ್ಮ ಕಾಕಾ ಒಬ್ಬನೇ ಇದ್ದಾನೆ.

ಒಬ್ಬ ಮನುಷ್ಯನೊಳಗೆ ಬೇರೆ ಬೇರೆ ವ್ಯಕ್ತಿಗಳು ಎದ್ದು ಬಂದ ಹಾಗೆ ಆಗುವ ತೊಂದರೆಯೂ ಇದೆ. ಅದು ಬೇರೆಯೇ, ತುಂಬಾ ವಿರಳ. 1994ರಿಂದ ಅದಕ್ಕೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅನ್ನುತ್ತಾರೆ. ಸಿನಿಮಾಗಳು ಎರಡನ್ನೂ ಕಲಸಿ ಇಟ್ಟಿವೆ. ಹೀರೋ ಹಗಲಲ್ಲಿ ಸಂಭಾವಿತ, ರಾತ್ರಿ ಕೊಲೆಗಾರ, ಕೊನೆಯಲ್ಲಿ ಡಾಕ್ಟರು ಬಂದು ಸ್ಕಿಜೋಫ್ರೀನಿಯಾ ಅನ್ನುತ್ತಾರೆ. ಅದನ್ನು ನೋಡಿದ ಜನ ನಿಜವಾದ ರೋಗಿಯನ್ನು ಕಂಡರೆ ಹೆದರುತ್ತಾರೆ. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಓಣಿಯಲ್ಲಿ, ನಮ್ಮ ಬಸ್ಸಿನಲ್ಲಿ, ನಮ್ಮ ಬಳಗದಲ್ಲಿ ಇದ್ದೇ ಇರುತ್ತಾರೆ. ಅವರಿಂದ ಬೇರೆಯವರಿಗೆ ಆಗುವ ತೊಂದರೆಗಿಂತ ಬೇರೆಯವರಿಂದ ಅವರಿಗೆ ಆಗುವ ತೊಂದರೆಯೇ ಜಾಸ್ತಿ.

ಇದು ನಮ್ಮ ಮನೆಯಲ್ಲೇ ಆಯಿತು. ಕಾಕಾ ಸುಧಾರಿಸಿಕೊಂಡ ಮೇಲೆ ಇನ್ನೊಂದು ಪ್ರೆಸ್ಸಿನಲ್ಲಿ ಕೆಲಸ ಕೇಳಲು ಹೋದ. ಕೈ ನೋಡಿ ಬಾ ಅಂದರು. ಆಮೇಲೆ ಯಾರೋ ಅವರಿಗೆ ಕಾಯಿಲೆಯ ಹೆಸರು ಹೇಳಿದರು. ಮರುದಿನ ಮಾಲೀಕರು, 'ಸಿಟ್ಟ ಬಂದ್ರ ಎರಡನೇಂವ ಹೊರಗ ಬರ್ತಾನಂತಲ್ರೀ' ಅಂದು ಬಾಗಿಲಿಂದಲೇ ಕಳಿಸಿದರು. ಕಾಕಾ ಜೀವಮಾನದಲ್ಲಿ ಒಂದು ನಾಯಿಗೂ ಕಲ್ಲು ಹೊಡೆದವನಲ್ಲ. ಬರೀ ಆ ಹೆಸರಿನಲ್ಲಿದ್ದ ಸೀಳು ಅವನ ಕೆಲಸ ತೆಗೆಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕನ್ನಡ ಪುಸ್ತಕಗಳಲ್ಲಿ ಈ ಕಾಯಿಲೆಗೆ 'ಇಚ್ಚಿತ್ತ ವಿಕಲತೆ' ಅಂತ, 'ಛಿದ್ರಮನಸ್ಕತೆ' ಅಂತ ಬರೆದಿದ್ದನ್ನು ನೋಡಿದ್ದೇನೆ. ಬರೆದವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಮನೋರೋಗದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಇಲ್ಲದಾಗ ಅವರು ಬರೆದರು. ಆದರೆ ಈ ಎರಡೂ ಹೆಸರು ಬಿಡುವ ಕಾಲ ಬಂದಿದೆ. ಛಿದ್ರಮನಸ್ಕತೆ ಗ್ರೀಕಿನ ಎರಡು ಬೇರನ್ನೂ ಹಾಗೇ ಎತ್ತಿ ಇಟ್ಟಿದೆ, ಅದರ ಜೊತೆಗೆ ಒಡೆದ ಗಾಜಿನ ಸದ್ದನ್ನೂ ತಂದಿದೆ. ಇಚ್ಚಿತ್ತ ಅಂದರೆ ಎರಡು ಚಿತ್ತ. ಅಲ್ಲಿ ಸೀಳು ಹೋಗಿ ಎರಡು ಬಂದು ಕೂತಿದೆ. ಅವ್ವನನ್ನು ಕಾಡಿದ್ದು ಇದೇ ಎರಡು.

ಎರಡು ಮನಸ್ಸು ಅನ್ನೋದು ನಮ್ಮ ಕಡೆ ಕಾಯಿಲೆಯೇ ಅಲ್ಲ. ಹೊಲ ಮಾರಬೇಕೋ ಬೇಡವೋ, ಮಗಳನ್ನು ಪುಣೆಗೆ ಕೊಡಬೇಕೋ ಬೇಡವೋ, ಅಂಥಲ್ಲಿ 'ಎರಡ ಮನಸ್ಸಾಗೈತ್ರೀ' ಅನ್ನುತ್ತೇವೆ. ಎಲ್ಲರಿಗೂ ಆಗುವಂಥದ್ದು. ವಿಚಿತ್ರ ಅಂದರೆ ಅದಕ್ಕೂ ಹೆಸರು ಕೊಟ್ಟವರು ಇದೇ ಬ್ಲಾಯ್ಲರ್, ಆಂಬಿವಲೆನ್ಸ್ ಅಂತ. ಆಟಿಸಂ ಪದವೂ ಅವರದೇ. ಗ್ರೀಕಿನ 'ಆಟೋಸ್', ಅಂದರೆ ತಾನು. ರೋಗಿ ಹೊರಗಿನ ಲೋಕ ಬಿಟ್ಟು ತನ್ನೊಳಗೇ ಇರುವುದಕ್ಕೆ ಅವರು ಹಾಗೆ ಕರೆದರು. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅದನ್ನು ಮಕ್ಕಳ ವಿಷಯದಲ್ಲಿ ಬಳಸಿದ ಮೇಲೆ ಅದರ ದಾರಿಯೇ ಬೇರೆಯಾಯಿತು.

ಹೆಸರು ಬದಲಾಯಿಸಬಹುದೇ? ಬದಲಾಯಿಸಿದವರು ಇದ್ದಾರೆ. ಜಪಾನಿನಲ್ಲಿ ಈ ಕಾಯಿಲೆಗೆ ಇದ್ದದ್ದು 'ಮನಸ್ಸು ಸೀಳಿದ ರೋಗ' ಅನ್ನೋ ಅರ್ಥದ ಹೆಸರು, ಗ್ರೀಕಿನ ನೇರ ಅನುವಾದ. ಈ ಹೆಸರು ಬೇಡ ಅಂತ 1993ರಲ್ಲಿ ಕೇಳಿಕೊಂಡವರು ರೋಗಿಗಳ ಮನೆಯವರು. ಅವರ ಸಂಘಟನೆ ಮನೋವೈದ್ಯರ ಸಂಘಕ್ಕೆ ಮನವಿ ಕೊಟ್ಟಿತು. ವರ್ಷಗಟ್ಟಲೆ ಚರ್ಚೆ ನಡೆದು 2002ರಲ್ಲಿ ಹೆಸರು ಬದಲಾಯಿತು. ಹೊಸ ಹೆಸರಿನ ಅರ್ಥ, ಒಂದುಗೂಡಿಸುವುದರಲ್ಲಿ ಆಗುವ ತೊಂದರೆ. ಅದರ ಪರಿಣಾಮ ಕೇಳಿ. ಅದಕ್ಕೂ ಮುಂಚೆ ಅಲ್ಲಿನ ಡಾಕ್ಟರುಗಳು ಹೆಚ್ಚಿನ ರೋಗಿಗಳಿಗೆ ಕಾಯಿಲೆಯ ಹೆಸರನ್ನೇ ಹೇಳುತ್ತಿರಲಿಲ್ಲ, ಸುಮಾರು ಮೂರರಲ್ಲಿ ಒಬ್ಬರಿಗೆ ಹೇಳುತ್ತಿದ್ದರು. ಹೊಸ ಹೆಸರು ಬಂದ ಎರಡು ಮೂರು ವರ್ಷದಲ್ಲೇ ಮೂರರಲ್ಲಿ ಇಬ್ಬರಿಗೆ ಹೇಳತೊಡಗಿದರು. ಗುಳಿಗೆ ಬದಲಾಗಿರಲಿಲ್ಲ. ಡಾಕ್ಟರ ಬಾಯಿ ಬಿಚ್ಚಿತು ಅಷ್ಟೇ. ಕಾಯಿಲೆ ಏನು ಅಂತ ಗೊತ್ತಿಲ್ಲದೆ ಯಾರು ತಾನೇ ವರ್ಷಗಟ್ಟಲೆ ಗುಳಿಗೆ ನುಂಗುತ್ತಾರೆ?

ದಕ್ಷಿಣ ಕೊರಿಯಾದವರು ಹತ್ತು ವರ್ಷದ ನಂತರ ಅದೇ ದಾರಿ ಹಿಡಿದರು. ಅವರ ಹೊಸ ಹೆಸರಿನ ಅರ್ಥ ತಂತಿಯ ಶ್ರುತಿ ಕೂಡಿಸುವುದು. ಧಾರವಾಡದವರಿಗೆ ಇದನ್ನು ವಿವರಿಸಬೇಕೇ? ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಹಾಡಿದ ನೆಲ ಇದು, ಭೀಮಸೇನ ಜೋಶಿ ಹುಟ್ಟಿದ ಸೀಮೆ. ಬೈಠಕ್ಕಿಗೆ ಮುಂಚೆ ತಂಬೂರಿ ಕೂಡಿಸುತ್ತಾ ಕೂಡುವುದನ್ನು ಇಲ್ಲಿ ಮಕ್ಕಳೂ ನೋಡಿರುತ್ತಾರೆ. ತಂತಿ ಇಳಿದರೆ ತಂಬೂರಿಯನ್ನು ಯಾರೂ ಎಸೆಯುವುದಿಲ್ಲ, ಬಿರಡೆ ತಿರುವುತ್ತಾರೆ. ಆ ಹೆಸರಿನಲ್ಲೇ ಮಾಡಬೇಕಾದ ಕೆಲಸ ಇದೆ.

ಕನ್ನಡಕ್ಕೆ ನಾನು ಹೊಸ ಹೆಸರು ಕಟ್ಟಿಕೊಡುತ್ತೇನೆ ಅನ್ನುತ್ತಿಲ್ಲ. ಅದನ್ನು ಮಾಡಬೇಕಾದವರು ರೋಗ ಅನುಭವಿಸಿದವರು, ಅವರ ಮನೆಯವರು ಮತ್ತು ದಿನಾ ಅವರನ್ನು ನೋಡುವ ಡಾಕ್ಟರುಗಳು, ಒಟ್ಟಿಗೆ ಕೂತು. ಜಪಾನಿನಲ್ಲಿ ಹಾಗೆಯೇ ಆಯಿತು. ಅಲ್ಲಿಯ ತನಕ ಸ್ಕಿಜೋಫ್ರೀನಿಯಾ ಅನ್ನೋ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯೋಣ. ಶುಗರ್, ಬೀಪಿ, ಥೈರಾಯ್ಡ್ ಎಲ್ಲ ಹಾಗೇ ಬಂದವಲ್ಲ. ಅರ್ಥ ಗೊತ್ತಿಲ್ಲದ ಪದ ಕೆಲವೊಮ್ಮೆ ಒಳ್ಳೆಯದು, ಅದಕ್ಕೆ ನಾವು ಸರಿಯಾದ ಅರ್ಥ ತುಂಬಬಹುದು. ತಪ್ಪು ಅರ್ಥ ಹೊತ್ತು ಬಂದ ಕನ್ನಡ ಪದವನ್ನು ತೊಳೆಯುವುದು ಅದಕ್ಕಿಂತ ಕಷ್ಟ.

ಅಂಥ ಹೊಸ ಹೆಸರು ಏನೇ ಬರಲಿ, ಅದರಲ್ಲಿ ತೀರ್ಪು ಇರಬಾರದು. ಕ್ರೇಪೆಲಿನ್ ಹೆಸರಿನಲ್ಲಿದ್ದ ಆ ತೀರ್ಪನ್ನು ಕಾಲ ಸುಳ್ಳು ಮಾಡಿದೆ. ಬ್ಲಾಯ್ಲರ್ ಅವರ ಮಗ ಮ್ಯಾನ್‌ಫ್ರೆಡ್ ಕೂಡ ಜ್ಯೂರಿಕ್‌ನ ಅದೇ ಆಸ್ಪತ್ರೆಯ ಮುಖ್ಯಸ್ಥರಾದರು. 208 ರೋಗಿಗಳ ಬದುಕನ್ನು ದಶಕಗಟ್ಟಲೆ ಬೆನ್ನು ಹತ್ತಿ ನೋಡಿ 1972ರಲ್ಲಿ ಪುಸ್ತಕ ಬರೆದರು. ಅವರಲ್ಲಿ ಒಳ್ಳೆಯ ಪಾಲು ಜನ ಚೇತರಿಸಿಕೊಂಡಿದ್ದರು ಅಥವಾ ತಕ್ಕಮಟ್ಟಿಗೆ ಬದುಕು ನಡೆಸುತ್ತಿದ್ದರು. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜಿನ್ ಅನ್ನೋ ಮೊದಲ ಔಷಧಿ ಬಂತು. ಅದಾದ ಮೇಲೆ ಇನ್ನೂ ಒಳ್ಳೆಯವು ಬಂದಿವೆ. ಎಲ್ಲರಿಗೂ ಒಂದೇ ಹಾಗೆ ಗುಣವಾಗುವುದಿಲ್ಲ, ಅದು ನಿಜ. ಗುಳಿಗೆಯಿಂದ ಮೈ ದಪ್ಪಗಾಗುವುದು, ಕೈ ನಡುಗುವುದು, ಜೊಂಪು ಹಿಡಿಯುವುದು ಉಂಟು. ಅದನ್ನು ಡಾಕ್ಟರಿಗೆ ಹೇಳಿದರೆ ಬೇರೆ ಗುಳಿಗೆ ಬರೆದುಕೊಡುತ್ತಾರೆ. ಸುಮ್ನೆ ನಿಲ್ಲಿಸಿಬಿಡುವುದು ಮಾತ್ರ ಬೇಡ. ನಮ್ಮ ಕಾಕಾ ಹಾಗೆ ನಿಲ್ಲಿಸಿದಾಗ ಏನಾಯಿತು ಅಂತ ನಾವು ನೋಡಿದ್ದೇವೆ.

ಅವ್ವ ಈಗ ಆ ಹೆಸರು ಬಳಸುವುದಿಲ್ಲ, ಮುಚ್ಚಿಡುವುದೂ ಇಲ್ಲ. ಯಾರಾದರೂ ಕೇಳಿದರೆ, 'ಅವಂಗ ವಿಚಾರ ಕೂಡಂಗಿಲ್ರೀ, ಗುಳಗಿ ತೊಗೋತಾನ, ಈಗ ಅರಾಮ ಅದಾನ' ಅನ್ನುತ್ತಾಳೆ. ಬ್ಲಾಯ್ಲರ್ ಹೇಳಿದ್ದನ್ನು ಇದಕ್ಕಿಂತ ಸರಿಯಾಗಿ ನಾನು ಕನ್ನಡದಲ್ಲಿ ಓದಿಲ್ಲ. ಬಳಗದವರ ಜೊತೆ ಆಸ್ಪತ್ರೆಗೆ ಹೋಗುವವರಿಗೆ ನನ್ನದೊಂದು ಕೋರಿಕೆ. ಕೆಲವು ಚೀಟಿಯಲ್ಲಿ ಹೆಸರೂ ಇರುವುದಿಲ್ಲ, 'ಎಫ್ 20' ಅಂತ ಸಂಕೇತ ಇರುತ್ತದೆ. ಅದು ಏನು ಅಂತ ಡಾಕ್ಟರನ್ನೇ ಕೇಳಿ. ಅಂದರೆ ಏನು, ಏನಲ್ಲ, ಎರಡನ್ನೂ ಕೇಳಿ. ಬೆಂಚಿನ ಮೇಲೆ ಕೂತವರನ್ನು ಆಮೇಲೆ ಕೇಳಬಹುದು. ಧಾರವಾಡದ ತನಕ ಹೋಗಲು ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಲ್ಲಿ ಏನಾಗುತ್ತಿದೆ ಅಂತ ಕೇಳಿದಾಗ ಎದೆಯಲ್ಲಿ ಅನ್ನಿಸಿದರೆ ಎದೆಯಲ್ಲಿ ಅಂತಲೇ ಹೇಳಿ. ಅವರಿಗೆ ತಿಳಿಯುತ್ತದೆ.